ಗಾಡಿ ಗೋಬಿಯ ಸಾಸ್ ಮನೆಯಲ್ಲಿ: ಯಾವ ಬಾಟಲಿ ಬೇಕು, ಯಾವುದು ಅಂಗಡಿಯಲ್ಲೇ ಇರಲಿ

ದಾವಣಗೆರೆಯ ಚೌಕಿಪೇಟೆಯಲ್ಲೋ ಚಿತ್ರದುರ್ಗದ ಲಕ್ಷ್ಮೀ ಬಜಾರಿನಲ್ಲೋ ಕಿರಾಣಿ ಅಂಗಡಿಗೆ ಹೋಗಿ "ಗೋಬಿ ಮಂಚೂರಿ ಸಾಮಾನು ಕೊಡ್ರಿ" ಅಂದರೆ ಕೌಂಟರ್ ಮೇಲೆ ಆರು ಐಟಂ ಬಂದು ಕೂರುತ್ತವೆ: ಸೋಯಾ ಸಾಸ್, ರೆಡ್ ಚಿಲ್ಲಿ ಸಾಸ್, ಗ್ರೀನ್ ಚಿಲ್ಲಿ ಸಾಸ್, ಟೊಮೆಟೊ ಸಾಸ್, ವಿನಿಗರ್, ಕಾರ್ನ್‌ಫ್ಲೋರ್. ಅಂಗಡಿಯವರು ಸ್ವಲ್ಪ ಚುರುಕಾಗಿದ್ದರೆ ಮಂಚೂರಿ ಮಸಾಲೆ ಪ್ಯಾಕೆಟ್ಟೂ ಶೇಜ್ವಾನ್ ಚಟ್ನಿಯ ಬಾಟಲಿಯೂ ಸೇರಿ ಎಂಟಾಗುತ್ತವೆ. ಈ ಎಂಟರಲ್ಲಿ ದುಡ್ಡು ಕೊಡಬೇಕಾದದ್ದು ಮೂರಕ್ಕೆ: ಸೋಯಾ, ವಿನಿಗರ್, ಕಾರ್ನ್‌ಫ್ಲೋರ್. ಟೊಮೆಟೊ ಸಾಸ್ ಹೇಗೂ ಮಕ್ಕಳಿರುವ ಮನೆಯಲ್ಲಿ ಇದ್ದೇ ಇರುತ್ತದೆ. ಉಳಿದ ನಾಲ್ಕರ ಕೆಲಸವನ್ನು ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೋರು ಉರಿ ಮಾಡುತ್ತವೆ, ಅದೂ ಬಾಟಲಿಗಿಂತ ಚೆನ್ನಾಗಿ.

ಗಾಡಿಯ ರುಚಿ ಎಲ್ಲಿಂದ ಬರುತ್ತದೆ ಅಂತ ಗೊತ್ತಿದ್ದರೆ ಆಯ್ಕೆ ಸುಲಭ. ಮಂಚೂರಿ ಹೆಸರಿಗೆ ಚೀನಾದ್ದು, ಹುಟ್ಟು ಮುಂಬೈನದು. 1975ರಲ್ಲಿ ಅಲ್ಲಿನ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಬಾಣಸಿಗ ನೆಲ್ಸನ್ ವಾಂಗ್ ಚಿಕನ್ ಮಂಚೂರಿಯನ್ ಮಾಡಿದರು ಎಂಬುದು ಎಲ್ಲರೂ ಒಪ್ಪಿಕೊಂಡು ಬಂದಿರುವ ಕಥೆ. ನಮ್ಮ ಒಗ್ಗರಣೆಯ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಗೆ ಚೀನೀ ಅಡುಗೆಯ ಸೋಯಾ ಸಾಸನ್ನೂ, ಗಂಜಿ ಹಾಕಿ ಗಟ್ಟಿ ಮಾಡುವ ಪದ್ಧತಿಯನ್ನೂ ಕೂಡಿಸಿದ ಸಾಸ್ ಅದು. ಉಪ್ಪು ಸೋಯಾದಿಂದ, ಹುಳಿ ವಿನಿಗರ್‌ನಿಂದ, ಹೊಳಪು ಕಾರ್ನ್‌ಫ್ಲೋರ್‌ನಿಂದ, ಮೂಗಿಗೆ ಮೊದಲು ಬಡಿಯುವ ಘಮ ಕಾದ ಎಣ್ಣೆಗೆ ಬಿದ್ದ ಬೆಳ್ಳುಳ್ಳಿಯಿಂದ. ಬಾಟಲಿಗಳಲ್ಲಿ ಸಿಗದಿರುವುದು ಈ ಕೊನೆಯದೊಂದೇ.

ಮೊದಲು ಸೋಯಾ. ದುಡ್ಡು ಜಾಸ್ತಿ ಕೊಟ್ಟರೆ ನಾಲಿಗೆಗೆ ಗೊತ್ತಾಗುವುದು ಇದೊಂದರಲ್ಲೇ. ಸೋಯಾ ಸಾಸ್‌ನಲ್ಲಿ ಎರಡು ಜಾತಿ. ಒಂದು, ಸೋಯಾ ಕಾಳು ಮತ್ತು ಗೋಧಿಗೆ ಒಂದು ಬಗೆಯ ಬೂಷ್ಟು ಹತ್ತಿಸಿ, ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಹುದುಗು ಬರಿಸಿದ್ದು. ಇನ್ನೊಂದು, ಸೋಯಾ ಪ್ರೋಟೀನನ್ನು ಆಸಿಡ್‌ನಲ್ಲಿ ಒಡೆದು, ಉಪ್ಪು, ಸಕ್ಕರೆ, ಕ್ಯಾರಮೆಲ್ ಬಣ್ಣ ಸೇರಿಸಿ ಕೆಲವೇ ದಿನಗಳಲ್ಲಿ ತಯಾರಿಸಿದ್ದು. ಎರಡನೆಯದರ ಲೇಬಲ್ ಮೇಲೆ "ಹೈಡ್ರೊಲೈಸ್ಡ್ ವೆಜಿಟೆಬಲ್ ಪ್ರೋಟೀನ್" ಅಂತ ಇರುತ್ತದೆ. ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲಿ ಅಚ್ಚು ಹಾಕಬೇಕು ಎಂಬುದು ನಿಯಮ. ಹಾಗಾಗಿ ನೀರು, ಉಪ್ಪು, ಸಕ್ಕರೆ, 150 ನಂಬರಿನ ಕ್ಯಾರಮೆಲ್ ಬಣ್ಣ ಎಲ್ಲ ಮುಗಿದ ಮೇಲೆ ಸೋಯಾದ ಹೆಸರು ಬಂದರೆ ಅದು ಬಣ್ಣದ ಉಪ್ಪುನೀರು ಎಂದೇ ಲೆಕ್ಕ. ಮಂಚೂರಿ ಕಪ್ಪಾಗಿ, ಸ್ವಲ್ಪ ಕಹಿಯಾಗಿ, ಗಂಟಲು ಹಿಡಿಯುವಂತೆ ಆಗುವುದು ಹೆಚ್ಚಾಗಿ ಇಂಥ ಬಾಟಲಿಯಿಂದ, ಅದನ್ನೇ ಕೈಬಿಚ್ಚಿ ಸುರಿದಿದ್ದರಿಂದ.

ಕಿಕ್ಕೋಮನ್‌ನಂಥ ಜಪಾನಿ ಸಾಸ್‌ನಲ್ಲಿ ಇರುವುದು ನೀರು, ಸೋಯಾ, ಗೋಧಿ, ಉಪ್ಪು, ಇಷ್ಟೇ. ಸಾಸ್ ಒಳ್ಳೆಯದೇ. ಆದರೆ ಹದಿನೈದು ಎಸಳು ಬೆಳ್ಳುಳ್ಳಿ, ಮೇಲೆ ಮೆಣಸಿನಕಾಯಿ ಬೀಳುವ ಜಾಗದಲ್ಲಿ ಅದರ ಅರ್ಧ ಪರಿಮಳ ಕಳೆದೇ ಹೋಗುತ್ತದೆ. ಅದನ್ನು ನೂಡಲ್ಸ್‌ಗೂ ಬರೀ ಅನ್ನದ ಮೇಲೆ ಹಾಕಿಕೊಳ್ಳುವುದಕ್ಕೂ ಇಟ್ಟುಕೊಳ್ಳಿ. ಗೋಬಿಗೆ, ಪಟ್ಟಿಯ ಮೊದಲ ಮೂರು ಹೆಸರುಗಳೊಳಗೆ ಸೋಯಾ ಇರುವ ಮಧ್ಯಮ ದರದ ಸ್ವದೇಶಿ ಬಾಟಲಿ ಸಾಕು. ಡಾರ್ಕ್ ಸೋಯಾ ತಂದರೆ ಒಂದು ಟೇಬಲ್ ಚಮಚ, ಲೈಟ್ ಆದರೆ ಒಂದೂವರೆ. ಡಾರ್ಕ್ ಇರುವುದು ಬಣ್ಣಕ್ಕೆ, ಲೈಟ್ ಉಪ್ಪಿಗೆ. ಒಂದು ಟೇಬಲ್ ಚಮಚ ಸೋಯಾದಲ್ಲಿ ಸಾಮಾನ್ಯವಾಗಿ 900 ಮಿಲಿಗ್ರಾಂ ಆಸುಪಾಸು ಸೋಡಿಯಂ ಇರುತ್ತದೆ, ಅಂದರೆ 2 ಗ್ರಾಂ ದಾಟಿದ ಉಪ್ಪು. ಅದಕ್ಕೇ ಸಾಸ್ ಮುಗಿಯುವವರೆಗೆ ಉಪ್ಪಿನ ಡಬ್ಬಿ ಮುಟ್ಟಬಾರದು.

ವಿನಿಗರ್‌ಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಗ್ಗದ ಬಾಟಲಿಯ ಮೇಲೆ "ಸಿಂಥೆಟಿಕ್" ಅಂತ ಬರೆದಿರುತ್ತದೆ, ಅಸಿಟಿಕ್ ಆಸಿಡ್‌ಗೆ ನೀರು ಬೆರೆಸಿದ್ದು. ಈ ಸಾಸ್‌ಗೆ ಅದೇ ನಡೆಯುತ್ತದೆ. ಹುದುಗಿಸಿ ಮಾಡಿದ ವಿನಿಗರ್ ಸಿಕ್ಕರೆ ಹುಳಿ ಮೆತ್ತಗಿರುತ್ತದೆ, ಮೂಗಿಗೆ ಕುಕ್ಕುವುದಿಲ್ಲ. ಇಲ್ಲಿ ಒಂದೇ ಎಚ್ಚರಿಕೆ: ಸಗಟು ಅಂಗಡಿಯಲ್ಲಿ ಕ್ಯಾನ್‌ನಲ್ಲಿ ಸಿಗುವ ಗಟ್ಟಿ ಅಸಿಟಿಕ್ ಆಸಿಡ್ ತಂದು ಮನೆಯಲ್ಲಿ ನೀರು ಬೆರೆಸುವ ಉಳಿತಾಯ ಬೇಡ. ಅಳತೆ ತಪ್ಪಿದರೆ ಬಾಯಿ ಸುಡುತ್ತದೆ, ಕೈಗೆ ಬಿದ್ದರೆ ಚರ್ಮವೂ ಸುಡುತ್ತದೆ.

ಕಾರ್ನ್‌ಫ್ಲೋರ್ ವಿಷಯದಲ್ಲಿ ನಮ್ಮ ಜಿಲ್ಲೆಯವರು ಮೋಸ ಹೋಗುವುದು ವಿಚಿತ್ರ, ಆದರೂ ಹೋಗುತ್ತಾರೆ. ಊರ ಸುತ್ತ ಕಣ್ಣು ಹಾಯಿಸಿದಷ್ಟು ದೂರ ಮೆಕ್ಕೆಜೋಳ, ಎಪಿಎಂಸಿಯಲ್ಲಿ ರಾಶಿ ರಾಶಿ ಮೆಕ್ಕೆಜೋಳ. ಹಾಗಾದರೆ ಗಿರಣಿಯಲ್ಲಿ ಬೀಸಿಸಿದ ಹಿಟ್ಟು ಯಾಕಾಗಬಾರದು? ಆಗುವುದಿಲ್ಲ. ಗಿರಣಿಯ ಹಳದಿ ಹಿಟ್ಟಿನಲ್ಲಿ ಕಾಳಿನ ಸಿಪ್ಪೆ, ಮೊಳಕೆ, ಪ್ರೋಟೀನು, ಜಿಡ್ಡು ಎಲ್ಲ ಇರುತ್ತವೆ. ಅಂಗಡಿಯ ಕಾರ್ನ್‌ಫ್ಲೋರ್ ಅಂದರೆ ಕಾಳನ್ನು ನೆನೆಸಿ, ಅರೆದು, ಗಂಜಿಯ ಭಾಗ ಮಾತ್ರ ತೊಳೆದು ತೆಗೆದದ್ದು, ಶುದ್ಧ ಸ್ಟಾರ್ಚ್. ಬೆರಳಲ್ಲಿ ಉಜ್ಜಿದರೆ ಕಿರ್ ಅನ್ನಬೇಕು, ಸುಣ್ಣದಷ್ಟು ಬೆಳ್ಳಗಿರಬೇಕು. ಹಳದಿ ಹಿಟ್ಟು ಹಾಕಿದರೆ ಸಾಸ್ ಮಬ್ಬಾಗಿ, ತರಿತರಿಯಾಗಿ, ಜುಣಕದ ಹಾಗೆ ನಿಲ್ಲುತ್ತದೆ. ಬಿಡಿಯಾಗಿ ಮಾರುವ ಕಡೆ ಕಾರ್ನ್‌ಫ್ಲೋರ್‌ಗೆ ಮೈದಾ ಬೆರೆತಿದ್ದರೂ ಸಾಸ್ ಮಬ್ಬಾಗುತ್ತದೆ, ಆದ್ದರಿಂದ ಸೀಲ್ ಆದ ಸಣ್ಣ ಪ್ಯಾಕೆಟ್ ತೆಗೆದುಕೊಳ್ಳುವುದು ವಾಸಿ.

ಇನ್ನು ಅಂಗಡಿಯಲ್ಲೇ ಬಿಡಬೇಕಾದವು. ಗ್ರೀನ್ ಚಿಲ್ಲಿ ಸಾಸ್ ಬಗ್ಗೆ ಒಂದೇ ಮಾತು: ಮೂರು ಹಸಿಮೆಣಸಿನಕಾಯಿ ಸಣ್ಣಗೆ ಹೆಚ್ಚಿದರೆ ಅದರ ಕೆಲಸ ಮುಗಿಯಿತು. ರೆಡ್ ಚಿಲ್ಲಿ ಸಾಸ್ ಬಗ್ಗೆ ಹೆಚ್ಚು ಹೇಳಬೇಕು, ಯಾಕೆಂದರೆ ಜನ ಅದನ್ನು ತರುವುದು ಖಾರಕ್ಕಲ್ಲ, ಕೆಂಪಿಗೆ. ಗಾಡಿ ಗೋಬಿಯ ಕೆಂಪು ಎಲ್ಲಿಂದ ಬರುತ್ತಿತ್ತು ಎಂಬುದು 2024ರ ಮಾರ್ಚ್ 11ರಂದು ಸರ್ಕಾರವೇ ಹೇಳಿತು. ರಾಜ್ಯದಲ್ಲಿ ತೆಗೆದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107 ಕೃತಕ ಬಣ್ಣದಿಂದಾಗಿ ಅಸುರಕ್ಷಿತ ಎಂದು ಬಂತು, ಗೋಬಿಗೆ ಬಣ್ಣ ಹಾಕುವುದು ನಿಷೇಧವಾಯಿತು. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಯ್ಸಿನ್ ಎಂಬ ಹೆಸರುಗಳು ಪತ್ರಿಕೆಗಳಲ್ಲಿ ಓಡಾಡಿದ್ದು ಆಗಲೇ. ಬಾಟಲಿಯ ಹಿಂದೆ ಇವು 102, 110, 122 ಎಂಬ ನಂಬರುಗಳಾಗಿ ಕೂತಿರುತ್ತವೆ. ಸಾಸ್ ಕೊಳ್ಳಲೇಬೇಕೆಂದರೆ ಬಾಟಲಿ ತಿರುಗಿಸಿ ಈ ನಂಬರುಗಳನ್ನೂ, ಇದೇ ಜಾತಿಯ ಬಣ್ಣಗಳಾದ 124, 133ನ್ನೂ ಹುಡುಕಿ. ಇದ್ದರೆ ವಾಪಸ್ ಇಡಿ.

ಬಣ್ಣವಿಲ್ಲದ ಚಿಲ್ಲಿ ಸಾಸ್‌ಗಳೂ ಬರುತ್ತವೆ, ಅವುಗಳ ತೊಂದರೆ ಬೇರೆ: ನೀರು, ಸಕ್ಕರೆ, ವಿನಿಗರ್ ಜಾಸ್ತಿ, ಮೆಣಸಿನಕಾಯಿ ಕಮ್ಮಿ. ಎರಡು ಚಮಚ ಹಾಕಿದರೆ ಹುಳಿ ಏರುತ್ತದೆಯೇ ಹೊರತು ಕೆಂಪಾಗುವುದಿಲ್ಲ. ಬಾಟಲಿಯಲ್ಲಿ ಸಾಸ್ ಗಟ್ಟಿಯಾಗಿ ಕಂಡರೆ ಅದು ಸ್ಟಾರ್ಚ್ ಅಥವಾ 415 ನಂಬರಿನ ಗೋಂದಿನ ಕೃಪೆ.

ದಾವಣಗೆರೆಯಲ್ಲಿ ಕೂತು ಕೆಂಪಿಗಾಗಿ ಬಾಟಲಿ ಹುಡುಕುವುದೇ ತಮಾಷೆ. ಹರಿಹರ, ರಾಣೆಬೆನ್ನೂರು ದಾಟಿದರೆ ಬ್ಯಾಡಗಿ. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಆ ಮೆಣಸಿನಕಾಯಿಗೆ ಹೆಸರು ಬಂದಿದ್ದೇ ಬಣ್ಣ ಜಾಸ್ತಿ, ಖಾರ ಕಮ್ಮಿ ಅಂತ. ಅದರಲ್ಲೂ ಡಬ್ಬಿ ಅನ್ನುವುದು ದಪ್ಪಗೆ, ಗಿಡ್ಡಗೆ, ಬಣ್ಣಕ್ಕೆ ಎತ್ತಿದ ಕೈ. ಕಡ್ಡಿ ತೆಳ್ಳಗೆ, ಉದ್ದಕ್ಕೆ, ಸ್ವಲ್ಪ ಖಾರ. ಸಾಸ್‌ಗೆ ಡಬ್ಬಿ ಕೇಳಿ. ಹಳೆಯ ಮಾಲು ಬೇಡ, ಬಿಸಿಲಿಗೆ ಬಿದ್ದು ಮಾಸಿದ ಕಾಯಿ ಅರೆದರೆ ಇಟ್ಟಿಗೆ ಬಣ್ಣ ಬರುತ್ತದೆ.

25 ಗ್ರಾಂ ಡಬ್ಬಿ ಮೆಣಸಿನಕಾಯಿ, ಖಾರಕ್ಕೆ ಐದಾರು ಗುಂಟೂರು. ತೊಟ್ಟು, ಬೀಜ ತೆಗೆದು ಬಿಸಿನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಬೀಜ ಉಳಿದರೆ ಅರೆದಾಗ ಕೆಂಪು ತಿಳಿಯಾಗುತ್ತದೆ, ಸಾಸ್ ತರಿಯಾಗುತ್ತದೆ. 15 ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ ಸೇರಿಸಿ, ನೆನೆಸಿದ ನೀರನ್ನೇ ಸ್ವಲ್ಪ ಸ್ವಲ್ಪ ಹಾಕಿ ನುಣ್ಣಗೆ ಅರೆಯಿರಿ. ಬ್ಯಾಡಗಿಯ ಸಿಪ್ಪೆ ಸುಕ್ಕುಸುಕ್ಕು, ಮಿಕ್ಸಿಗೆ ಪೂರ್ತಿ ಬಗ್ಗುವುದಿಲ್ಲ. ಜರಡಿಯಲ್ಲಿ ಒಮ್ಮೆ ಒತ್ತಿ ಸೋಸಿದರೆ ಬಾಟಲಿ ಸಾಸ್‌ನ ನಯ ಬರುತ್ತದೆ. ಆಮೇಲೆ 4 ಟೇಬಲ್ ಚಮಚ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ 8ರಿಂದ 10 ನಿಮಿಷ, ಎಣ್ಣೆ ಅಂಚಿಗೆ ಬಿಡುವ ತನಕ ಬಾಡಿಸಬೇಕು. ಈ ಹಂತ ಬಿಟ್ಟರೆ ಹಸಿ ವಾಸನೆ ಉಳಿಯುತ್ತದೆ, ಅದಕ್ಕಿಂತ ಮುಖ್ಯವಾಗಿ ಬಣ್ಣ ಬಿಡುವುದಿಲ್ಲ, ಯಾಕೆಂದರೆ ಮೆಣಸಿನಕಾಯಿಯ ಕೆಂಪು ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಉರಿ ಜೋರಾದರೆ ಅದೇ ಕೆಂಪು ಕಂದಾಗುತ್ತದೆ. ಕೊನೆಗೆ ಒಂದು ಟೀ ಚಮಚ ಉಪ್ಪು, 2 ಟೇಬಲ್ ಚಮಚ ಸಕ್ಕರೆ, 3 ಟೇಬಲ್ ಚಮಚ ವಿನಿಗರ್. ಐದಾರು ಸಲದ ಗೋಬಿಗೆ ಆಗುವಷ್ಟಾಯಿತು. ಗಾಜಿನ ಬಾಟಲಿಯಲ್ಲಿ ಫ್ರಿಜ್‌ನಲ್ಲಿ ಒಂದು ವಾರ ಇಡಬಹುದು. ಹೊರಗೆ ಇಡಲೇಬೇಡಿ, ಎಣ್ಣೆಯಲ್ಲಿ ಮುಳುಗಿದ ಬೆಳ್ಳುಳ್ಳಿ ಕೋಣೆಯ ಶಾಖದಲ್ಲಿ ಅಪಾಯಕಾರಿ ಬ್ಯಾಕ್ಟೀರಿಯಾಗೆ ಜಾಗ ಕೊಡುತ್ತದೆ. ಹೆಚ್ಚು ದಿನಕ್ಕೆ ಬೇಕಿದ್ದರೆ ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಡಿ. ಗೋಬಿ ಮಾಡದ ದಿನ ಇದೇ ಪೇಸ್ಟು ಒಂದು ಚಮಚ ಮಂಡಕ್ಕಿಗೆ ಕಲಸಿದರೂ ವ್ಯರ್ಥವಾಗುವುದಿಲ್ಲ.

ಎಣ್ಣೆಯ ಮಾತು. ಚಳ್ಳಕೆರೆ ಪಕ್ಕದಲ್ಲೇ ಇರುವಾಗ ಶೇಂಗಾ ಎಣ್ಣೆ ಬಿಟ್ಟು ಬೇರೆ ಯೋಚಿಸಬೇಕಿಲ್ಲ, ಆದರೆ ಯಾವ ಶೇಂಗಾ ಎಣ್ಣೆ ಎಂಬುದು ಮುಖ್ಯ. ರಿಫೈನ್ಡ್ ಆದದ್ದು 225 ಡಿಗ್ರಿಯವರೆಗೂ ತಾಳಿಕೊಳ್ಳುತ್ತದೆ. ಗಾಣದ ಎಣ್ಣೆ ಅದಕ್ಕಿಂತ ಎಷ್ಟೋ ಮೊದಲೇ ಹೊಗೆಯಾಡುತ್ತದೆ, ಜತೆಗೆ ಅದರ ಶೇಂಗಾ ವಾಸನೆ ಸೋಯಾದ ಮೇಲೆ ಕೂತುಬಿಡುತ್ತದೆ. ಗಾಣದ್ದನ್ನು ಚಟ್ನಿಪುಡಿಗೆ, ರೊಟ್ಟಿಗೆ ಇಟ್ಟುಕೊಳ್ಳಿ.

ಈಗ ಸಾಸ್. ಅಳತೆ ಅರ್ಧ ಕೆಜಿ ಬಿಡಿಸಿದ ಹೂಕೋಸಿಗೆ. ಟೇಬಲ್ ಚಮಚ ಅಂದರೆ 15 ಮಿ.ಲೀ., ಟೀ ಚಮಚ 5 ಮಿ.ಲೀ. ಒಲೆ ಹಚ್ಚುವ ಮೊದಲೇ ಎಲ್ಲ ಹೆಚ್ಚಿ, ಅಳೆದು ಸಾಲಾಗಿ ಇಟ್ಟುಕೊಳ್ಳಬೇಕು, ಯಾಕೆಂದರೆ ಬಾಣಲೆ ಕಾದ ಮೇಲೆ ಪೂರ್ತಿ ಕೆಲಸ ನಾಲ್ಕೈದು ನಿಮಿಷದ್ದು. ಒಂದು ಬಟ್ಟಲಲ್ಲಿ ಲೈಟ್ ಸೋಯಾ ಒಂದೂವರೆ ಟೇಬಲ್ ಚಮಚ (ಡಾರ್ಕ್ ಆದರೆ ಒಂದೇ), ಟೊಮೆಟೊ ಸಾಸ್ 2 ಟೇಬಲ್ ಚಮಚ, ಮೇಲಿನ ಮೆಣಸಿನಕಾಯಿ ಪೇಸ್ಟು 2 ಟೇಬಲ್ ಚಮಚ, ಸಕ್ಕರೆ ಒಂದು ಟೀ ಚಮಚ, ಕಾಲು ಟೀ ಚಮಚ ಕಾಳುಮೆಣಸಿನ ಪುಡಿ. ಇನ್ನೊಂದರಲ್ಲಿ ಒಂದು ಟೇಬಲ್ ಚಮಚ, ಅಂದರೆ ಸುಮಾರು 8 ಗ್ರಾಂ, ಕಾರ್ನ್‌ಫ್ಲೋರ್‌ಗೆ 3 ಟೇಬಲ್ ಚಮಚ ತಣ್ಣೀರು. ಇದು ಗ್ರೇವಿಗೆ, 200 ಮಿ.ಲೀ. ನೀರಿನ ಲೆಕ್ಕ. ಡ್ರೈ ಬೇಕಿದ್ದರೆ ನೀರು 60 ಮಿ.ಲೀ., ಕಾರ್ನ್‌ಫ್ಲೋರ್ ಒಂದೇ ಟೀ ಚಮಚ.

ಕಬ್ಬಿಣದ ಬಾಣಲೆಯನ್ನು ಖಾಲಿಯಾಗಿಯೇ ಕಾಯಿಸಿ, ಹೊಗೆ ಸುಳಿದ ಮೇಲೆ 2 ಟೇಬಲ್ ಚಮಚ ಎಣ್ಣೆ. ಕೂಡಲೇ 12 ಎಸಳು ಬೆಳ್ಳುಳ್ಳಿ, ಒಂದು ಟೇಬಲ್ ಚಮಚ ಶುಂಠಿ, ಮೂರು ಹಸಿಮೆಣಸಿನಕಾಯಿ. ಎಲ್ಲವೂ ಚಾಕುವಿನಲ್ಲಿ ಸಣ್ಣಗೆ ಹೆಚ್ಚಿದ್ದು, ಜಜ್ಜಿದ ಪೇಸ್ಟಲ್ಲ. ಪೇಸ್ಟಿನಲ್ಲಿ ನೀರಿರುತ್ತದೆ, ಬಾಣಲೆಗೆ ಅಂಟುತ್ತದೆ, ಹೊರಗೆ ಸೀದು ಒಳಗೆ ಹಸಿ ಉಳಿಯುತ್ತದೆ. ಅಂಗಡಿಯ ರೆಡಿ ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಹಾಕಿದರೆ ಮಂಚೂರಿ ಹೋಗಿ ಕುರ್ಮಾ ವಾಸನೆ ಬರುತ್ತದೆ. ಬೆಳ್ಳುಳ್ಳಿಯ ಅಂಚು ಹೊಂಬಣ್ಣ ತಿರುಗುವುದಕ್ಕೆ 20 ಸೆಕೆಂಡ್ ಸಾಕು. ಕಂದಾಯಿತೋ, ಕಹಿ ಖಂಡಿತ, ಚೆಲ್ಲಿ ಮತ್ತೆ ಶುರು ಮಾಡುವುದೇ ದಾರಿ. ಆಮೇಲೆ ಒಂದು ಈರುಳ್ಳಿ, ಅರ್ಧ ದೊಣ್ಣೆ ಮೆಣಸಿನಕಾಯಿ, ಒಂದು ನಿಮಿಷ ಕೈಬಿಡದೆ ಆಡಿಸಿ. ತರಕಾರಿ ಕರುಂ ಅನ್ನುತ್ತಿರಬೇಕು. ಸಾಸ್ ಬಟ್ಟಲನ್ನು ಬಾಣಲೆಯ ಬದಿಗೆ ಸುರಿಯಿರಿ, ನಡುವಿಗೆ ಬೇಡ. ಕಾದ ಬದಿಗೆ ತಾಗಿ ಚುರ್ ಅಂದಾಗ ಸೋಯಾದ ಸಕ್ಕರೆ ತುಸು ಕಂದುತ್ತದೆ, ಗಾಡಿಯ ಘಮದ ಒಂದು ಪಾಲು ಅಲ್ಲಿದೆ. ನೀರು ಹಾಕಿ, ಕುದಿ ಬರಲಿ.

ಕಾರ್ನ್‌ಫ್ಲೋರ್ ನೀರನ್ನು ಹಾಕುವ ಹೊತ್ತಿಗೆ ಮತ್ತೆ ಕದಡಲೇಬೇಕು, ಎರಡು ನಿಮಿಷ ಬಿಟ್ಟರೆ ಗಂಜಿ ತಳಕ್ಕೆ ಕೂತಿರುತ್ತದೆ. ಒಂದೇ ಸಲ ಸುರಿದರೆ ಗಂಟು, ಬಿಸಿನೀರಲ್ಲಿ ಕದಡಿದರೂ ಗಂಟು: ಸ್ಟಾರ್ಚ್‌ನ ಕಣ 62–72 ಡಿಗ್ರಿಯಲ್ಲಿ ಉಬ್ಬತೊಡಗುತ್ತದೆ, ಬಿಸಿ ಒಮ್ಮೆಲೇ ತಾಗಿದರೆ ಹೊರಪದರ ಬೆಂದು ಒಳಗೆ ಹಿಟ್ಟು ಸಿಕ್ಕಿಹಾಕಿಕೊಳ್ಳುತ್ತದೆ. ಕುದಿಯುವ ಸಾಸ್‌ಗೆ ಮೂರು ಕಂತಿನಲ್ಲಿ ಹಾಕುತ್ತ ತಿರುಗಿಸಿ, ಬೆಳ್ಳಗಿದ್ದದ್ದು ತಿಳಿಯಾಗಿ ಹೊಳೆಯುವ ತನಕ ಒಂದು ನಿಮಿಷ ಕುದಿಸಿ. ಮೊದಲೇ ಇಳಿಸಿದರೆ ನಾಲಿಗೆಗೆ ಹಿಟ್ಟು ಹಿಟ್ಟು. ಹಾಗಂತ ಐದು ನಿಮಿಷ ಕುದಿಸಿದರೆ ಉಬ್ಬಿದ ಕಣ ಒಡೆದು ಸಾಸ್ ಮತ್ತೆ ನೀರಾಗುತ್ತದೆ. ಆಗ ಗಾಬರಿಯಾಗಿ ಇನ್ನಷ್ಟು ಕಾರ್ನ್‌ಫ್ಲೋರ್ ಹಾಕುವವರೇ ಕೊನೆಗೆ ಗೋಂದು ತಿನ್ನುವುದು. ಉರಿ ಆರಿಸಿದ ಮೇಲೆ 2 ಟೀ ಚಮಚ ವಿನಿಗರ್. ಮೊದಲೇ ಹಾಕಿದರೆ ಎರಡು ನಷ್ಟ: ಘಮ ಹಾರಿಹೋಗುತ್ತದೆ, ಹುಳಿ ಮತ್ತು ಕುದಿ ಸೇರಿ ಗಂಜಿಯನ್ನು ತೆಳುವಾಗಿಸುತ್ತವೆ. ಈಗ ರುಚಿ ನೋಡಿ, ಉಪ್ಪು ಬೇಕಿದ್ದರೆ ಈಗ. ನೆಕ್ಕಿದ ಚಮಚವನ್ನು ಮತ್ತೆ ಬಾಣಲೆಗೆ ಅದ್ದಬೇಡಿ, ಶುಚಿಯ ಮಾತು ಆಚೆಗಿರಲಿ, ಜೊಲ್ಲಿನಲ್ಲಿರುವ ಕಿಣ್ವ ಗಂಜಿಯನ್ನು ಕರಗಿಸುತ್ತದೆ. ಎತ್ತಿಟ್ಟ ಗ್ರೇವಿ ಒಂದು ಗಂಟೆಯಲ್ಲಿ ಸಾರಾಗಿದ್ದರೆ ಕಾರಣ ಇದೂ ಇರಬಹುದು. ತಿನ್ನುವ ಹೊತ್ತಿಗೆ ಕರಿದ ಗೋಬಿ ಹಾಕಿ ಹೊರಳಿಸಿ, ಮೇಲೆ ಈರುಳ್ಳಿ ಸೊಪ್ಪು.

ಟೇಸ್ಟಿಂಗ್ ಪೌಡರ್ (ಅಜಿನೊಮೊಟೊ) ಬೇಕೇ? ಬೇಡವೆಂದರೆ ಬಿಡಬಹುದು, ಸೋಯಾ ಮತ್ತು ಟೊಮೆಟೊ ಎರಡರಲ್ಲೂ ಅದೇ ರುಚಿ ಕೊಡುವ ಗ್ಲುಟಮೇಟ್ ಇದೆ. ಹಾಕುವವರು ಈ ಅಳತೆಗೆ ಒಂದು ಚಿಟಿಕೆ ದಾಟಬೇಡಿ. ಅಂದ ಹಾಗೆ ರೆಡಿ ಮಸಾಲೆ ಪ್ಯಾಕೆಟ್‌ಗಳ ಹಿಂದೆ 621 ಅಂತ ಇದ್ದರೆ ಅದು ಇದೇ ಪುಡಿ.

ಇಷ್ಟೆಲ್ಲ ಮಾಡಿಯೂ ಗಾಡಿಯ ಹೊಗೆ ಬರಲಿಲ್ಲ ಅನ್ನುವವರಿಗೆ: ಗಾಡಿಯವರದು ಹೈ ಪ್ರೆಶರ್ ರೆಗ್ಯುಲೇಟರ್, ಭಟ್ಟಿ ಬರ್ನರ್. ಬೆಂಕಿ ಬಾಣಲೆಯ ಅಂಚು ಹತ್ತಿ ಬರುತ್ತದೆ. ಮನೆಯ ಒಲೆಗೆ ಅಷ್ಟು ಶಕ್ತಿ ಇಲ್ಲ. ಆ ರೆಗ್ಯುಲೇಟರ್ ತಂದು ಮನೆಯ ಸಿಲಿಂಡರ್‌ಗೆ ಹಾಕುವ ಸಾಹಸ ಯಾರೂ ಮಾಡಬಾರದು, ಮನೆಯ ಪೈಪು, ಒಲೆ ಎರಡೂ ಆ ಒತ್ತಡಕ್ಕೆ ಮಾಡಿದವಲ್ಲ. ಇರುವ ದಾರಿ, ಒಮ್ಮೆಗೆ ಇಬ್ಬರಿಗಾಗುವಷ್ಟೇ ಮಾಡುವುದು. ಆರು ಜನರ ಗೋಬಿ ಒಂದೇ ಬಾಣಲೆಗೆ ಬಿದ್ದರೆ ಶಾಖ ಇಳಿದು ತರಕಾರಿ ನೀರು ಬಿಡುತ್ತದೆ, ಹುರಿದದ್ದು ಬೇಯಿಸಿದ್ದಾಗುತ್ತದೆ. ನಾನ್‌ಸ್ಟಿಕ್ ತವಾ ಈ ಕೆಲಸಕ್ಕಲ್ಲ, ಖಾಲಿ ಕಾಯಿಸಿದರೆ ಅದರ ಲೇಪನ ಹಾಳಾಗುತ್ತದೆ.

ಶೇಜ್ವಾನ್ ಚಟ್ನಿ ಬಾಟಲಿ ಕೆಟ್ಟದ್ದೇನಲ್ಲ, ಜಾಗ ತಪ್ಪುತ್ತದೆ ಅಷ್ಟೆ. ಶೇಜ್ವಾನ್ ಅಂದರೆ ಚೀನಾದ ಸಿಚುವಾನ್ ಪ್ರಾಂತ್ಯ, ಅಲ್ಲಿನ ಅಡುಗೆಯ ಗುರುತು ನಾಲಿಗೆ ಜುಮ್ಮೆನ್ನಿಸುವ ಒಂದು ಕಾಳು. ನಮ್ಮ ಮಲೆನಾಡು, ಕರಾವಳಿಯ ಜುಮ್ಮನಕಾಯಿ ಅದರ ದಾಯಾದಿ. ನಮ್ಮಲ್ಲಿ ಬಾಟಲಿಗೆ ಬರುವುದು ಸಾಮಾನ್ಯವಾಗಿ ಆ ಕಾಳಿಲ್ಲದ ಮೆಣಸಿನಕಾಯಿ-ಬೆಳ್ಳುಳ್ಳಿ ಚಟ್ನಿ. ಫ್ರೈಡ್ ರೈಸ್‌ಗೆ, ನಾಳೆಯ ದೋಸೆಯ ಮೇಲೆ ಸವರುವುದಕ್ಕೆ ಸೊಗಸು. ಬೆಣ್ಣೆ ದೋಸೆಗೆ ಸವರಿದರೆ ಮಾತ್ರ ಈ ಊರಲ್ಲಿ ಕ್ಷಮೆ ಸಿಗುವುದು ಕಷ್ಟ. ಮಂಚೂರಿಗೆ ಹಾಕುವುದಾದರೆ ಮೆಣಸಿನಕಾಯಿ ಪೇಸ್ಟಿನ ಬದಲು ಒಂದೇ ಟೇಬಲ್ ಚಮಚ, ಸೋಯಾ ಅರ್ಧಕ್ಕೆ ಇಳಿಸಿ, ಯಾಕೆಂದರೆ ಅದರಲ್ಲಿ ಆಗಲೇ ಉಪ್ಪಿದೆ. ಕಾದ ಎಣ್ಣೆಗೆ ನೇರ ಹಾಕಬೇಡಿ, ಅದರೊಳಗಿನ ಬೆಳ್ಳುಳ್ಳಿ ಆಗಲೇ ಹುರಿದದ್ದು, ಕ್ಷಣದಲ್ಲಿ ಸೀಯುತ್ತದೆ. ನೀರು ಹಾಕಿದ ಮೇಲೆ ಸೇರಿಸಿ.

ಮಂಚೂರಿ ಮಸಾಲೆ ಪ್ಯಾಕೆಟ್ ಯಾರಿಗೆ ಸಲ್ಲುತ್ತದೆಂದರೆ, ಒಂದೇ ಇಂಡಕ್ಷನ್ ಒಲೆ ಇಟ್ಟುಕೊಂಡ ಹಾಸ್ಟೆಲ್, ಪಿಜಿ ಹುಡುಗ-ಹುಡುಗಿಯರಿಗೆ. ಆರು ಬಾಟಲಿ ತಂದಿಟ್ಟು ಮೂರು ತಿಂಗಳು ಕಾಯುವ ಜಾಗ ಅವರಿಗೆಲ್ಲಿ? ಅದರಲ್ಲಿ ಸ್ಟಾರ್ಚ್, ಉಪ್ಪು, ಸಕ್ಕರೆ, ಒಣ ಬೆಳ್ಳುಳ್ಳಿ ಪುಡಿ ಎಲ್ಲ ಆಗಲೇ ಬೆರೆತಿರುತ್ತವೆ, ಆದ್ದರಿಂದ ತಣ್ಣೀರಲ್ಲಿ ಮೊದಲು ಕದಡಿ ಹಾಕಬೇಕು, ಬೇರೆ ಕಾರ್ನ್‌ಫ್ಲೋರ್ ಬೇಡ, ಉಪ್ಪೂ ಬೇಡ. ಹಾಗೇ ಮಾಡಿದರೆ ರುಚಿ ಸೂಪ್ ಪ್ಯಾಕೆಟ್‌ಗೆ ಹತ್ತಿರ, ಬೆಳ್ಳುಳ್ಳಿಯ ಒಣ ವಾಸನೆ ಮುಂದೆ ನಿಲ್ಲುತ್ತದೆ. ಆರು ಎಸಳು ಹಸಿ ಬೆಳ್ಳುಳ್ಳಿ ಎಣ್ಣೆಯಲ್ಲಿ ಹುರಿದು, ಅದರ ಮೇಲೆ ಕದಡಿದ ಪುಡಿ ಹಾಕಿ, ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದರೆ ಪ್ಯಾಕೆಟ್ಟಿನ ಮುಕ್ಕಾಲು ಕೊರತೆ ತುಂಬುತ್ತದೆ.

ಪಾರ್ಸೆಲ್ ಕಟ್ಟುವುದಾದರೆ ಕರಿದ ಗೋಬಿ ಬೇರೆ, ಸಾಸ್ ಬೇರೆ ಡಬ್ಬಿಯಲ್ಲಿ. ಬಿಸಿ ಸಾಸ್‌ಗೆ ಬಿದ್ದ ಗೋಬಿ ಹತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ, ಮುಚ್ಚಳ ಬಿಗಿದರೆ ಇನ್ನೂ ಬೇಗ. ಉಳಿದ ಗ್ರೇವಿ ಫ್ರಿಜ್‌ನಲ್ಲಿ ಎರಡು ದಿನ ಸರಿ. ಫ್ರೀಜರ್‌ಗೆ ಹಾಕಬೇಡಿ, ಕಾರ್ನ್‌ಫ್ಲೋರ್ ಗಂಜಿ ಕರಗುವಾಗ ನೀರು ಬೇರೆ, ಸ್ಪಂಜಿನಂಥ ಮುದ್ದೆ ಬೇರೆ ಆಗುತ್ತದೆ. ಮುಂಚಿತವಾಗಿ ಮಾಡಿಡಬೇಕೆಂದರೆ ಕಾರ್ನ್‌ಫ್ಲೋರ್, ವಿನಿಗರ್ ಬಿಟ್ಟು ಉಳಿದದ್ದನ್ನು ಮಾಡಿ ತೆಗೆದಿಟ್ಟು, ತಿನ್ನುವ ಹೊತ್ತಿಗೆ ಕುದಿಸಿ ಅವೆರಡನ್ನೂ ಸೇರಿಸಿ.